ಮೈ ಝಾಡಿಸದ ಹೋತ

ಹತ್ತು ವರ್ಷದವಳಿದ್ದಾಗ ನಾನು ಬಬಲೇಶ್ವರದ ದುರಗವ್ವನಿಗೆ ಮೋಸ ಮಾಡಿದೆ. ಹಾಡಹಗಲೇ, ಹತ್ತು ಮಂದಿಯ ಎದುರಿಗೆ ಮಾಡಿದೆ, ಅದಕ್ಕಾಗಿ ಒಂದು ತಿಂಗಳಿಗೂ ಹೆಚ್ಚು ತಯಾರಿ ನಡೆಸಿದ್ದೆ. ಪಶ್ಚಾತ್ತಾಪ ಇದೆಯೇ ಎಂದು ಯಾರಾದರೂ ಕೇಳಿದರೆ ಇದೆ ಎನ್ನುತ್ತೇನೆ, ಆದರೆ ಅದು ದೇವಿಯ ವಿಷಯದಲ್ಲಿ ಅಲ್ಲ. ಇಷ್ಟು ವಯಸ್ಸಾದ ಮೇಲೂ ಆ ಬೇಸಿಗೆಯನ್ನು ನೆನೆದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಈಗಲೂ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾವು ವಿಜಾಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಒಂದೇ ಖೋಲಿಯ ಮನೆಯಲ್ಲಿದ್ದೆವು. ಅಪ್ಪ ಒಂದು ಕಚೇರಿಯಲ್ಲಿ ಪಟ್ಟೇವಾಲ, ಅಂದರೆ ಜವಾನ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ತಿಕೋಟಾದಲ್ಲಿ ಕಾಕಾನ ಜೊತೆ, ಅಂದರೆ ಅಪ್ಪನ ತಮ್ಮನ ಜೊತೆ ಇದ್ದಳು. ಅವರಿಗೆ ಮಳೆಯನ್ನೇ ನಂಬಿದ ಎರಡು ಎಕರೆ ಹೊಲ, ಮನೆಯ ಹಿಂದೆ ಒಂದು ಹಟ್ಟಿ ಆಡು. ಶಾಲೆಗೆ ಸೂಟಿ ಬಿಟ್ಟ ಮರುದಿನವೇ ನನ್ನನ್ನು ತಿಕೋಟಾಕ್ಕೆ ಸಾಗಹಾಕುವುದು ನಮ್ಮ ಮನೆಯ ಪದ್ಧತಿ. ಅವ್ವನಿಗೆ ಒಂದೂವರೆ ತಿಂಗಳು ನೆಮ್ಮದಿ, ನನಗೆ ಒಂದೂವರೆ ತಿಂಗಳು ರಾಜ್ಯಭಾರ.

ಮೂರು ವರ್ಷದವಳಿದ್ದಾಗ ನನಗೆ ವಿಷಮಜ್ವರ ಬಂದಿತ್ತಂತೆ. ಎಷ್ಟೋ ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ಆಗ ಆಯಿ ತನ್ನ ತವರೂರಾದ ಬಬಲೇಶ್ವರದ ದುರಗವ್ವನಿಗೆ ಹರಕೆ ಹೊತ್ತಳು. ಕೂಸು ಉಳಿದರೆ ನನ್ನ ಹಟ್ಟಿಯಲ್ಲೇ ಹುಟ್ಟಿದ ಒಂದು ಹೋತ ಕೊಡುತ್ತೇನೆ ಎಂದಳು. ಕೂಸು ಉಳಿಯಿತು. ಹರಕೆ ಮಾತ್ರ ಮುಂದೆ ಮುಂದೆ ಹೋಯಿತು. ಒಂದು ವರ್ಷ ಬರೀ ಹೆಣ್ಣು ಮರಿ, ಒಂದು ವರ್ಷ ಹುಟ್ಟಿದ ಗಂಡನ್ನು ತೋಳ ಒಯ್ದಿತು, ಇನ್ನೊಂದು ವರ್ಷ ಮನೆಯಲ್ಲಿ ಸಾವಾಗಿ ದೇವರ ಕೆಲಸ ನಿಂತಿತು. ಹಾಗೂ ಹೀಗೂ ಒಂದು ಕರಿ ಹೋತ ಬೆಳೆದು ನಿಲ್ಲುವ ಹೊತ್ತಿಗೆ ನನಗೆ ಹತ್ತು ತುಂಬಿತ್ತು.

ಅಷ್ಟರಲ್ಲಿ ಅಪ್ಪ ಬುದ್ಧನ ದಾರಿ ಹಿಡಿದಿದ್ದ. ನಮ್ಮ ಓಣಿಯ ಎಷ್ಟೋ ಮನೆಗಳು ದೀಕ್ಷೆ ತೆಗೆದುಕೊಂಡ ಕಾಲ ಅದು. ಜೀವ ತೆಗೆಯುವುದಿಲ್ಲ ಎಂದು ಎಲ್ಲರ ಎದುರು ಅಪ್ಪ ಮಾತು ಕೊಟ್ಟು ಬಂದಿದ್ದ. ಆ ಯುಗಾದಿಗೆ ಆಯಿ ವಿಜಾಪುರಕ್ಕೆ ಬಂದವಳು, ಹೋತ ಬೆಳೆದಿದೆ, ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲು ಹರಕೆ ಮುಟ್ಟಿಸಿಬಿಡುತ್ತೇನೆ ಎಂದಳು.

“ಅವ್ವಾ, ಜೀವ ತಗಿಯೂದಿಲ್ಲಂತ ನಾ ಮಾತು ಕೊಟ್ಟೇನಿ,” ಎಂದ ಅಪ್ಪ.

“ನೀ ಕೊಟ್ಟ ಮಾತು ನಿಂದು. ನಾ ಕೊಟ್ಟ ಮಾತು ನಂದು. ನಂದು ನಿಂದಕಿಂತ ಮೊದಲಿಂದು.”

“ನಾ ಅಂತೂ ಬರೂದಿಲ್ಲ.”

“ಬರಬ್ಯಾಡ. ಹುಡುಗಿನ್ನ ಕಳಸು. ಉಳದಾಕಿ ಆಕಿ.”

ಅಪ್ಪ ಹೋಗದೆ ತನ್ನ ಮಾತು ಉಳಿಸಿಕೊಂಡ. ಅದರಿಂದ ಹೋತಕ್ಕೆ ಏನು ಉಪಕಾರವಾಯಿತು ಎಂದು ಮುಂದೆ ನಾನು ಅವನನ್ನು ಎಷ್ಟೋ ಸಲ ಕೇಳಿದ್ದೇನೆ. ತಾಯಿಯ ಎದುರು ನಿಲ್ಲುವ ಧೈರ್ಯ ಅವನಿಗೆ ಇರಲಿಲ್ಲ, ಅಷ್ಟೇ. ನನಗೂ ಇರಲಿಲ್ಲ ಅನ್ನಿ.

ತಿಕೋಟಾದಲ್ಲಿ ಇಳಿದು ಹಟ್ಟಿಗೆ ಹೋದೆ. ಹಿಂದಿನ ಸೂಟಿಯಲ್ಲಿ ನಾನು ಎತ್ತಿಕೊಂಡು ತಿರುಗಿದ್ದ ಮರಿಗೆ ಈಗ ಗಡ್ಡ ಬಂದಿತ್ತು. ಕೋಡು ಹಿಂದಕ್ಕೆ ಬಾಗಿದ್ದವು. ದೇವರಿಗೆ ಬಿಟ್ಟದ್ದೆಂದು ಕೊರಳಿಗೆ ಅರಿಷಿಣದ ದಾರ ಕಟ್ಟಿದ್ದರು. ಅದು ನನ್ನ ಗುರುತು ಹಿಡಿದು ಓಡಿಬಂದು ಲಂಗದ ಅಂಚನ್ನು ಅಗಿಯತೊಡಗಿತು. ಹೆಸರಿಡಬಾರದು, ಹೆಸರಿಟ್ಟರೆ ಹರಕೆ ಕೆಡುತ್ತದೆ ಎಂದು ಆಯಿಯ ಕಟ್ಟಪ್ಪಣೆ. ನಾನು ಇಡಲಿಲ್ಲ. ಬರೀ “ಲೇ” ಎನ್ನುತ್ತಿದ್ದೆ. ಅಷ್ಟಕ್ಕೇ ಅದು ಹಟ್ಟಿಯ ಆ ತುದಿಯಿಂದ ಓಗೊಡುತ್ತಿತ್ತು.

ಮೊದಲನೆಯ ದಿನವೇ ನನಗೆ ಸಿಟ್ಟು ಬಂತು. ಜ್ವರ ಬಂದದ್ದು ನನಗೆ, ಉಳಿದದ್ದು ನಾನು, ನಡುವೆ ಈ ಪ್ರಾಣಿಯನ್ನು ಎಳೆದು ತಂದದ್ದು ಯಾಕೆ? ರೊಟ್ಟಿ ಬಡಿಯುತ್ತಿದ್ದ ಆಯಿಯ ಹತ್ತಿರ ಹೋಗಿ ನಿಂತೆ.

“ಆಯಿ, ಅದನ್ನ ಕೇಳಿಯೇನು?”

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು, ದೊಡ್ಡವರಿಗೆ ಹೇಳುವಂತೆಯೇ ಹೇಳಿದಳು.

“ಕೇಳದ ಕೊಯ್ಯಾಕ ಬರತೈತೇನ ಬೇ? ಗುಡಿ ಮುಂದ ನಿಲ್ಲಿಸಿ ಬೇವಿನ ತಪ್ಪಲಲೆ ನೀರ ಚಿಮುಕಸ್ತೇವಿ. ಅದು ಮೈ ಝಾಡಿಸಬೇಕು, ನೀರ ಕೊಡವಬೇಕು. ಝಾಡಿಸ್ತಂದ್ರ ಹೂಂ ಅಂದಂಗ. ಅದು ಹೂಂ ಅನ್ನೂತನಾ ಯಾರೂ ಕತ್ತಿ ಮುಟ್ಟೂದಿಲ್ಲ.”

“ಒಲ್ಲೆ ಅಂದ್ರ?”

“ಒಲ್ಲೆ ಅಂದ್ರ ಬಿಡಬೇಕು. ದೇವೀನ ಒಲ್ಲೆ ಅಂದಂಗ. ಆದರ ನಾ ಕಣ್ಣಲೆ ಕಂಡಿದ್ದು ಯಾವುದೂ ಒಲ್ಲೆ ಅಂದಿಲ್ಲ ನೋಡು.”

ಇದನ್ನು ಆಯಿ ಹೆಮ್ಮೆಯಿಂದ ಹೇಳಿದಳು. ಪೇಟೆಯಲ್ಲಿ ಕಡಿಯುವವರು ಕೇಳುವುದಿಲ್ಲ, ನಾವು ಕೇಳುತ್ತೇವೆ. ಕೇಳದೆ ಒಂದು ಜೀವವನ್ನೂ ನಾನು ತೆಗೆದಿಲ್ಲ ಎಂಬುದು ಅವಳು ಬದುಕಿನುದ್ದಕ್ಕೂ ಇಟ್ಟುಕೊಂಡು ಬಂದ ಮಾತು. ಅವಳ ಮುಖದಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ.

ಆ ಸಂಜೆ ಹಟ್ಟಿಯ ಹಿಕ್ಕೆ ಬಳಿದು ಬುಟ್ಟಿ ತುಂಬುತ್ತಿದ್ದಾಗ ನನಗೆ ಟಾಂಗಾದ ಕುದುರೆ ನೆನಪಾಯಿತು. ಗಾಂಧಿ ಚೌಕದಲ್ಲಿ ನಮ್ಮ ಓಣಿಯ ಬಾಯಿಗೇ ಒಬ್ಬ ಟಾಂಗಾದವನು ನಿಲ್ಲುತ್ತಿದ್ದ. ಬೇಸಿಗೆಯ ಮಧ್ಯಾಹ್ನ ಪ್ರತಿದಿನ ಒಂದು ಬಕೆಟ್ ನೀರು ತಂದು ಕುದುರೆಯ ಬೆನ್ನ ಮೇಲೆ ಸುರಿಯುತ್ತಿದ್ದ. ಕುದುರೆ ಕಲ್ಲಿನ ಹಾಗೆ ನಿಂತಿರುತ್ತಿತ್ತು. “ಇದಕ್ಕ ಥಂಡಿ ಆಗೂದಿಲ್ಲೇನ್ರಿ?” ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವನು, “ರೂಢಿ ಬೇಟಾ, ರೂಢಿ. ಮೊದಲನೇ ದಿವಸ ಝಾಡಿಸಿ ನನ್ನ ತಲಿ ಮ್ಯಾಲಿನ ಪಟಕಾ ತೊಯಿಸಿತ್ತು. ಈಗ ಮಳಿ ಹೊಡದ್ರೂ ಕಿವಿ ಅಳ್ಳಾಡಸೂದಿಲ್ಲ,” ಎಂದಿದ್ದ.

ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟೆ. ನೀರು ಬಿದ್ದರೆ ಝಾಡಿಸುವುದು ಹೂಂ ಅಲ್ಲ, ರೂಢಿ ಇಲ್ಲದ್ದು. ರೂಢಿ ಮಾಡಿಸಿದರೆ ಝಾಡಿಸುವುದಿಲ್ಲ. ಝಾಡಿಸದಿದ್ದರೆ ಯಾರೂ ಕತ್ತಿ ಮುಟ್ಟುವುದಿಲ್ಲ. ಇದನ್ನು ಕಂಡುಹಿಡಿದವಳು ನಾನೊಬ್ಬಳೇ, ಇಡೀ ತಿಕೋಟಾದಲ್ಲಿ, ಬಹುಶಃ ಇಡೀ ಜಿಲ್ಲೆಯಲ್ಲಿ. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೋತದ ಗಡ್ಡ ಹಿಡಿದು ಕುಣಿದುಬಿಟ್ಟೆ. ಮಿರಗಕ್ಕೆ ಇನ್ನೂ ಐದು ವಾರ ಇತ್ತು.

ಮರುದಿನ ಬೆಳಿಗ್ಗೆ ಆಯಿ, ಕಾಕಾ ಹೊಲಕ್ಕೆ ಹೋದ ಮೇಲೆ ಒಂದು ಚೊಂಬು ನೀರು ತುಂಬಿಕೊಂಡು ಹೋಗಿ ಹೋತದ ಬೆನ್ನಿಗೆ ಸುರಿದೆ. ಅದು ಕೋಡಿನಿಂದ ಬಾಲದವರೆಗೆ ಎಂಥ ಝಾಡಿಸಿತೆಂದರೆ ಅದಕ್ಕಿಂತ ನಾನೇ ಹೆಚ್ಚು ತೊಯ್ದೆ. ಮತ್ತೆ ಹಾಕಿದೆ, ಮತ್ತೆ ಝಾಡಿಸಿತು. ಹೀಗೆ ಒಂದು ವಾರ. ಅದು ದಿನಕ್ಕೆ ಹತ್ತು ಸಲ ಹೂಂ ಎನ್ನುತ್ತಿತ್ತು. ಒಂದು ದಿನ ಅದಕ್ಕೆ ಎರಡು ಪೆಟ್ಟು ಹಾಕಿ, “ನಿನ್ನ ಸಲುವಾಗಿನ ಮಾಡಾಕತ್ತೇನಿ, ತಿಳಿಯೂದಿಲ್ಲೇನ ಲೇ?” ಎಂದು ಬೈದು, ಅತ್ತೆ.

ಆಮೇಲೆ ದಾರಿ ಹೊಳೆಯಿತು. ನೀರು ಹಾಕುವಾಗ ಇನ್ನೊಂದು ಕೈಯಲ್ಲಿ ರೊಟ್ಟಿಯ ಚೂರು ಹಿಡಿದೆ. ಝಾಡಿಸಿದರೆ ಇಲ್ಲ, ಸುಮ್ಮನೆ ನಿಂತರೆ ಉಂಟು. ಆಡಿನ ಜಾತಿಗೆ ಹೊಟ್ಟೆಯ ಭಾಷೆ ಬೇಗ ತಿಳಿಯುತ್ತದೆ. ಎರಡು ದಿನಕ್ಕೆ ಬೆನ್ನು ಸುಮ್ಮನಾಯಿತು. ನಾಲ್ಕು ದಿನಕ್ಕೆ ಕುತ್ತಿಗೆ. ಉಳಿದದ್ದು ಕಿವಿ. ಕಿವಿಯೊಳಗೆ ಒಂದು ಹನಿ ಬಿದ್ದರೆ ಸಾಕು, ರೊಟ್ಟಿಯೂ ಬೇಡ, ರಾಜ್ಯವೂ ಬೇಡ, ತಲೆ ಕೊಡವಿಯೇ ಕೊಡವುತ್ತಿತ್ತು. ಆ ಎರಡು ಕಿವಿಗಳ ಹಿಂದೆ ನಾನು ಎರಡು ವಾರ ಬಿದ್ದೆ. ಬೆರಳಿನಿಂದ ಒಂದೊಂದೇ ಹನಿ ಬಿಡುವುದು, ಕಿವಿಯ ಬುಡ ತಿಕ್ಕುವುದು, ಬೆಲ್ಲ ಹಚ್ಚಿದ ರೊಟ್ಟಿ ಕೊಡುವುದು. ಅದು ಕಣ್ಣು ಮುಚ್ಚಿ ನಿಲ್ಲುವುದನ್ನು ಕಲಿತ ದಿನ ನಾನು ಮಧ್ಯಾಹ್ನದ ಊಟವನ್ನೇ ಮರೆತೆ.

ಕಷ್ಟ ಇದ್ದದ್ದು ನೀರಿನದು. ತಿಕೋಟಾದ ಬೇಸಿಗೆಯಲ್ಲಿ ನೀರನ್ನು ತುಪ್ಪದಂತೆ ಬಡಿಸುತ್ತಿದ್ದರು. ಬಾವಿಯ ತಳದಿಂದ ಸೇದಿ ತಲೆಯ ಮೇಲೆ ಹೊತ್ತು ತಂದ ಕೊಡ ಮಧ್ಯಾಹ್ನಕ್ಕೇ ಅರ್ಧವಾಗುವುದನ್ನು ನೋಡಿ ಆಯಿ, “ಈ ಕೊಡಕ್ಕ ತೂತ ಬಿದ್ದೈತೇನ?” ಎಂದು ಬುಡ ತಡವಿ ನೋಡಿದಳು. ಅವತ್ತಿನಿಂದ ಬಾವಿಗೆ ನಾನೇ ಹೋಗುತ್ತೇನೆ ಎಂದೆ. ವಿಜಾಪುರದ ಸೋಮಾರಿ ಹುಡುಗಿ ದಿನಾ ಮೂರು ಕೊಡ ಹೊರುತ್ತಾಳೆಂದು ಓಣಿಯೆಲ್ಲ ಹೊಗಳಿತು. ನನ್ನ ನೆತ್ತಿಯ ಕೂದಲು ಉದುರಿದ್ದು ಯಾರಿಗೂ ಗೊತ್ತಾಗಲಿಲ್ಲ.

ಕಾಕಾನಿಗೆ ಒಮ್ಮೆ ಅನುಮಾನ ಬಂತು. “ಈ ಹೋತ ಯಾಕ ಯಾವಾಗ ನೋಡಿದ್ರೂ ತೊಯ್ದಿರತೈತಿ?”

“ಬಿಸಲಿಗೆ ಬೆವತೈತಿ,” ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗಿನಿಂದ ಆಯಿ, “ಜಳಕಾ ಮಾಡಸ್ತಾಳ, ಮಾಡಸಲಿ ಬಿಡೋ. ಇನ್ನ ಎಷ್ಟ ದಿನ,” ಎಂದಳು. ಅವಳ ದನಿಯಲ್ಲಿ ಮರುಕವಿತ್ತು. ಹೋತದ ಮೇಲೆ ಅವಳಿಗೂ ಜೀವ ಎಂಬುದು ನನಗೆ ಗೊತ್ತಿತ್ತು. ರಾತ್ರಿ ಉಳಿದ ರೊಟ್ಟಿಯನ್ನು ಮುಚ್ಚಿಟ್ಟು ಬೆಳಿಗ್ಗೆ ಅದಕ್ಕೇ ಹಾಕುತ್ತಿದ್ದಳು.

ಕೊನೆಯ ವಾರ ಬೇವಿನ ತಪ್ಪಲಿನ ಅಭ್ಯಾಸ. ಬರೀ ಕೈಯಿಂದ ಹಾಕಿದ ನೀರು ಬೇರೆ, ತಪ್ಪಲಿನಿಂದ ಚಿಮುಕಿಸಿದ ನೀರು ಬೇರೆ ಎಂದು ನನಗೆ ತಡವಾಗಿ ಹೊಳೆದು ಗಾಬರಿಯಾಗಿತ್ತು. ಅದರಲ್ಲಿ ಹೊಸ ತಾಪತ್ರಯ ಬಂತು. ನಾನು ಚಿಮುಕಿಸುವಷ್ಟರಲ್ಲಿ ಅದು ತಪ್ಪಲನ್ನೇ ತಿಂದು ಮುಗಿಸುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ತಿನ್ನಲಿ ಬಿಡು, ಝಾಡಿಸದಿದ್ದರೆ ಸಾಕು ಎಂದು ಅದನ್ನು ತಿದ್ದಲು ಹೋಗಲಿಲ್ಲ.

ಮಂಗಳವಾರ ನಸುಕಿನಲ್ಲೇ ಬಬಲೇಶ್ವರದ ದಾರಿ ಹಿಡಿದೆವು. ಆಯಿಯ ತಲೆಯ ಮೇಲೆ ಬುತ್ತಿ, ಕಾಕಾನ ಹೆಗಲಿಗೆ ಚೀಲ, ನನ್ನ ಕೈಯಲ್ಲಿ ಹಗ್ಗ. ಹೋತಕ್ಕೆ ಊರಾಚೆ ಹೋಗುವುದೇ ಹಬ್ಬ. ಬೇಲಿ ಬೇಲಿಗೂ ನಿಂತು ರುಚಿ ನೋಡುತ್ತ ಹಾರಾಡುತ್ತ ನಡೆಯಿತು. ನಾನು ಒಮ್ಮೆ ನಗುತ್ತಿದ್ದೆ, ಒಮ್ಮೆ ಅದರ ಕಿವಿಯ ಬುಡ ತಿಕ್ಕಿ ನೋಡುತ್ತಿದ್ದೆ. ಕಾಲು ಮಾತ್ರ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವು. “ಏನ ಹುರುಪ ನೋಡು ಈಕಿದು,” ಎಂದು ಕಾಕಾ ನಕ್ಕ. ಹರಕೆಯ ಹುರುಪು ಎಂದುಕೊಂಡಿದ್ದ.

ಊರಿನ ಹೊರಗೆ ಬೇವಿನ ಮರದ ಕೆಳಗೆ ದುರಗವ್ವನ ಗುಡಿ. ಗುಡಿಯೆಂದರೆ ಎದೆಯೆತ್ತರದ ನಾಲ್ಕು ಗೋಡೆ. ಆಯಿಯ ಅಣ್ಣ, ಅವನ ಮನೆಯವರು, ಒಬ್ಬ ಮುದುಕ ಪೂಜಾರಿ, ಎಲ್ಲ ಸೇರಿ ಹತ್ತು ಮಂದಿ. ಪೂಜಾರಿ ಹೋತದ ಹಣೆಗೆ ಭಂಡಾರದ ಅರಿಷಿಣ ಹಚ್ಚಿ, ಬೇವಿನ ತಪ್ಪಲನ್ನು ಅರಿಷಿಣದ ನೀರಿನಲ್ಲಿ ಅದ್ದಿ ಬೆನ್ನ ಮೇಲೆ ಚಿಮುಕಿಸಿದ.

ಹೋತ ಸುಮ್ಮನೆ ನಿಂತಿತು. ಕುತ್ತಿಗೆ ಚಾಚಿ ಅವನ ಕೈಯಲ್ಲಿದ್ದ ತಪ್ಪಲನ್ನು ತಿನ್ನತೊಡಗಿತು.

ಯಾರೋ ನಕ್ಕರು. ಪೂಜಾರಿ ಬೇರೆ ತಪ್ಪಲು ಮುರಿದು ತಂದು ಎರಡನೆಯ ಸಲ ಚಿಮುಕಿಸಿದ. ಮೂರನೆಯ ಸಲ ಚೊಂಬನ್ನೇ ಎತ್ತಿ ಸುರಿದ. ಹೋತದ ಗಡ್ಡದಿಂದ ನೀರು ತೊಟ್ಟಿಕ್ಕಿತು. ಅದು ಸುತ್ತ ನೋಡಿ, ನಾನು ಎಲ್ಲಿದ್ದೇನೆಂದು ಕಂಡು, ನೆಟ್ಟಗೆ ನನ್ನ ಹತ್ತಿರ ಬಂದು ಲಂಗದ ಕಿಸೆಗೆ ಮೂತಿ ಹಾಕಿತು. ರೊಟ್ಟಿ ಹುಡುಕುತ್ತಿತ್ತು. ಸಿಕ್ಕಿಬಿದ್ದೆ ಎಂದುಕೊಂಡೆ.

“ಕಿವ್ಯಾಗ ಹಾಕ್ರಿ,” ಎಂದ ಆಯಿಯ ಅಣ್ಣ.

ಕಿವಿಯಲ್ಲಿ ಹಾಕಿದರು. ಹೋತ ಕಣ್ಣು ಮುಚ್ಚಿಕೊಂಡಿತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ನೊಣ ಬಂದು ಅದರ ಬೆನ್ನ ಮೇಲೆ ಕೂತಿತು. ಐದು ವಾರ ಲೋಕದ ನೀರನ್ನೆಲ್ಲ ರೂಢಿ ಮಾಡಿಸಿದ್ದ ನಾನು ನೊಣವನ್ನು ಮರೆತಿದ್ದೆ. ಬೆನ್ನಿನ ತೊಗಲು ಥರಥರ ನಡುಗಿತು.

“ಝಾಡಿಸ್ತು ಝಾಡಿಸ್ತು,” ಎಂದರು ಯಾರೋ.

ಪೂಜಾರಿ ಬಗ್ಗಿ ನೋಡಿದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ, ಹಲ್ಲಿಲ್ಲದ, ಅವಸರವಿಲ್ಲದ ಮುಖ. “ತೊಗಲ ನಡಗಿದ್ರ ಆಗೂದಿಲ್ಲ. ಕೋಡಿನಿಂದ ಬಾಲದ ತನಕಾ ಝಾಡಿಸಬೇಕು. ಸುಳ್ಳ ಹೇಳಿ ದೇವಿಗಿ ಕೊಡಾಕ ಬರೂದಿಲ್ಲ,” ಎಂದ. ಇನ್ನೆರಡು ಚೊಂಬು ಸುರಿದ. ಆಮೇಲೆ ಚೊಂಬನ್ನು ಬೋರಲು ಹಾಕಿ ಎದ್ದು ನಿಂತು, “ದೇವಿ ಒಲ್ಲೆ ಅಂದಾಳ,” ಎಂದ.

ಗೆದ್ದೆ. ಕೂಗಬೇಕು, ಹಾರಬೇಕು, ಬೇವಿನ ಮರ ಹತ್ತಬೇಕು ಎನಿಸಿತು. ತುಟಿ ಕಚ್ಚಿ ಹಿಡಿದುಕೊಂಡು ಆಯಿಯ ಮುಖ ನೋಡಿದೆ.

ಆಯಿಯ ಮುಖದಲ್ಲಿ ರಕ್ತ ಇರಲಿಲ್ಲ. ನನ್ನನ್ನು ಎಳೆದು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡು, ಗುಡಿಯ ಬಾಗಿಲಿಗೂ ನನಗೂ ನಡುವೆ ಸೀರೆಯ ಸೆರಗನ್ನು ಅಗಲ ಮಾಡಿ ಹಿಡಿದಳು. “ಹೋತ ಒಲ್ಲೆ ಅಂದ್ರ ಮತ್ತೇನ ಬೇಕಂತ ಆಕಿಗಿ?” ಎಂದಳು. ದೇವಿ ಹೋತವನ್ನು ಬಿಟ್ಟು ನನ್ನನ್ನೇ ಕೇಳುತ್ತಿದ್ದಾಳೆ ಎಂದು ಅವಳು ತಿಳಿದಿದ್ದಳು. ಐದು ವಾರದಲ್ಲಿ ಒಂದು ದಿನವಾದರೂ ನಾನು ಇದನ್ನು ಯೋಚಿಸಿರಲಿಲ್ಲ.

“ಬ್ಯಾರೇದು ತರ್ರಿ,” ಎಂದಳು ಆಯಿ. “ಇವತ್ತನ ಆಗಬೇಕು. ತವರಮನಿ ಹಟ್ಟೀನೂ ನಂದನ.”

ಅಣ್ಣನ ಹಟ್ಟಿ ಹತ್ತಿರದಲ್ಲೇ ಇತ್ತು. ಕಾಕಾ ಓಡಿದವನು ಒಂದು ಗಂಡು ಮರಿಯನ್ನು ಎತ್ತಿಕೊಂಡು ಬಂದ. ಕಂದು ಬಣ್ಣ, ಬಿಳಿ ಕಿವಿ, ಕೋಡು ಇನ್ನೂ ಬೆರಳಷ್ಟು. ಇಷ್ಟು ಜನರನ್ನು ಅದು ಒಟ್ಟಿಗೆ ನೋಡಿರಲಿಲ್ಲವೆಂದು ಕಾಣುತ್ತದೆ, ಕಣ್ಣು ಅಗಲ ಮಾಡಿ ಒಬ್ಬೊಬ್ಬರನ್ನೇ ನೋಡುತ್ತಿತ್ತು. ಪೂಜಾರಿ ಒಂದೇ ಸಲ ತಪ್ಪಲು ಅದ್ದಿ ಚಿಮುಕಿಸಿದ. ಮರಿ ತಲೆಯಿಂದ ಬಾಲದವರೆಗೆ ಝಾಡಿಸಿತು. ಅದರ ಮೈಯ ಹನಿ ಹಾರಿ ನನ್ನ ಕೆನ್ನೆಯ ಮೇಲೆ ಬಿತ್ತು.

ಎಲ್ಲರೂ ಉಸಿರು ಬಿಟ್ಟರು. ಆಯಿ ಅಳುತ್ತ ನೆಲಕ್ಕೆ ಹಣೆ ಹಚ್ಚಿದಳು.

ನಾನು ಹೇಳಬಹುದಿತ್ತು. “ಅದಕ್ಕ ನಾ ಕಲಿಸೇನಿ, ದೇವಿ ಏನೂ ಅಂದಿಲ್ಲ” ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಮತ್ತೆ ನನ್ನ ಹೋತದ ಸರದಿ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಹೋತದ ಕೊರಳಿನಲ್ಲಿ ಮುಖವಿಟ್ಟು ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದರೆ ಕಿವಿ ಮುಚ್ಚುವುದಿಲ್ಲ. ಹೇಡಿತನ ಎಂದರೆ ಏನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಹತ್ತು ವರ್ಷಕ್ಕೇ ಗೊತ್ತು.

ಆ ದಿನ ಆಯಿಯ ತವರಿನಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಮರಿಯ ತಾಯಿ ಹಟ್ಟಿಯಲ್ಲಿ ಕೂಗಿ ಒದರುತ್ತಿತ್ತು. ಕೆಚ್ಚಲು ಬಿಗಿದಿತ್ತು. ಮನೆಯವರು ಅದರ ಹಾಲು ಕರೆದು ಚಹಾಕ್ಕೆ ಹಾಕಿ ಬಟ್ಟಲನ್ನು ನನ್ನ ಮುಂದಿಟ್ಟರು. ಕುಡಿಯಲಾಗಲಿಲ್ಲ. ಅದು ಯಾರ ಹಾಲು ಎಂದು ನನಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಮಾಂಸ ಬಿಟ್ಟೆ, ಹಾಲೂ ಬಿಟ್ಟೆ. “ಅಪ್ಪಗ ಬುದ್ಧ ಹಿಡದಾನ, ಮಗಳಿಗಿ ದೆವ್ವ ಹಿಡದೈತಿ,” ಎಂದು ಅವ್ವ ನಾಲ್ಕು ವರ್ಷ ಗೊಣಗಿ, ಆಮೇಲೆ ನನ್ನ ಪಾಲಿನ ಕರಿ ಚಹಾವನ್ನು ಬೇರೆ ಸೋಸತೊಡಗಿದಳು. ಹೀಗೆ ಮಾಂಸ, ಹಾಲು ಎರಡನ್ನೂ ಬಿಡುವುದಕ್ಕೊಂದು ಹೆಸರಿದೆ, ಅದನ್ನು ಪಾಲಿಸುವ ಜನ ದೇಶದೇಶಗಳಲ್ಲಿ ಇದ್ದಾರೆ ಎಂದು ನನಗೆ ಗೊತ್ತಾದದ್ದು ತೀರ ಇತ್ತೀಚೆಗೆ.

ಇನ್ನು ಹೋತ. ದೇವಿಯೇ ಒಲ್ಲೆ ಎಂದದ್ದನ್ನು ಮನುಷ್ಯರು ಮುಟ್ಟುವುದುಂಟೇ? ಕೊರಳ ಹಗ್ಗ ಬಿಚ್ಚಿ ತಿಕೋಟಾದಲ್ಲಿ ಬಿಟ್ಟರು. ಅದರ ದರ್ಬಾರು ಹೇಳತೀರದು. ಸಂತೆಯಲ್ಲಿ ಕೊತ್ತಂಬರಿ ಮಾರುವವಳ ಬುಟ್ಟಿಗೆ ಬಾಯಿ ಹಾಕಿದರೆ ಅವಳು ಕೈ ಮುಗಿಯುತ್ತಿದ್ದಳು. ದರ್ಜಿಯ ಅಂಗಡಿಯಲ್ಲಿ ಅರ್ಧ ಅಂಗಿ ತಿಂದಿತು. ಬಿಜ್ಜರಗಿಯ ಕುರಿ ಹಿಂಡು ಊರೊಳಗೆ ಹಾದು ಹೋಗುವಾಗ ಅದರ ಮುಂದೆ ಮುಂದೆ ತಾನೇ ಗೌಡನಂತೆ ನಡೆಯುತ್ತಿತ್ತು. ಮಳೆ ಬಂದರೆ ಉಳಿದ ಆಡುಗಳೆಲ್ಲ ಸೂರು ಹುಡುಕಿ ಓಡಿದರೂ ಇದೊಂದು ಬಯಲಲ್ಲೇ ನಿಂತು ನೆನೆಯುತ್ತ, ರೊಟ್ಟಿ ಬರುತ್ತದೆಂದು ಕಾಯುತ್ತಿತ್ತು. ಅದನ್ನು ಕಂಡು ಊರವರು ದೇವಿಯ ಮಹಿಮೆ ಎನ್ನುತ್ತಿದ್ದರು. ಏಳು ವರ್ಷ ಮೆರೆದು, ಯಾರದೋ ಕಣದಲ್ಲಿ ಜೋಳ ಮುಕ್ಕಿ ಹೊಟ್ಟೆಯುಬ್ಬರ ಬಂದು ಸತ್ತಿತು. ನಾನು ಸೂಟಿಗೆ ಹೋದಾಗಲೆಲ್ಲ ಓಡಿಬಂದು ಕಿಸೆಗೆ ಮೂತಿ ಹಾಕುತ್ತಿತ್ತು. ನನಗೆ ಸಂತೋಷ ಉಕ್ಕುತ್ತಿತ್ತು. ಅದರ ಹಿಂದೆಯೇ ಬಿಳಿ ಕಿವಿಯದೂ ನೆನಪಾಗುತ್ತಿತ್ತು.

ಅರವತ್ತರ ದಶಕದ ಕೊನೆಯಲ್ಲಿ, ಶಿಕ್ಷಕಿಯ ತರಬೇತಿ ಮುಗಿಸಿದ ನನಗೆ ಇಟ್ಟಂಗಿಹಾಳದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆದೇಶದ ಕಾಗದ ಹಿಡಿದು, ಹಿಗ್ಗಿ ಹೀರೇಕಾಯಿಯಾಗಿ ತಿಕೋಟಾಕ್ಕೆ ಹೋದೆ. ಆಯಿ ನನ್ನ ಗಲ್ಲ ಸವರಿ, ದೃಷ್ಟಿ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

“ನಿನಗ ನೌಕರಿ ಸಿಕ್ಕರ ಒಂದ ಹೋತ ಕೊಡತೀನಂತ ದುರಗವ್ವಗ ಬೇಡಕೊಂಡಿದ್ದೆ. ಮಿರಗದ ಮುಂದ ಮುಟ್ಟಿಸಿಬಿಡೂಣು.”

ಹಟ್ಟಿಯಲ್ಲಿ ಅರಿಷಿಣದ ದಾರ ಕಟ್ಟಿದ ಒಂದು ಹೋತ ನಿಂತಿತ್ತು. ಈ ಸಲ ನನಗೆ ಹತ್ತು ವರ್ಷ ಅಲ್ಲ. ಅಲ್ಲೇ ನೆಲಕ್ಕೆ ಕೂತು, ಟಾಂಗಾದ ಕುದುರೆಯಿಂದ ಹಿಡಿದು ಬೆಲ್ಲದ ರೊಟ್ಟಿಯವರೆಗೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಆಯಿ ನನ್ನ ಎದುರಿಗೆ ಬಂದು ಕೂತಳು. “ಹಂಗಾರ ದೇವಿ ಒಲ್ಲೆ ಅಂದಿದ್ದಿಲ್ಲ?”

“ಇಲ್ಲ ಆಯಿ.”

“ನಿನಗ ನೆಗಡಿ ಬಂದ್ರೂ ನಾ ಅಂಜೀನಿ. ಬರಿಗಾಲಲೆ ಬಬಲೇಶ್ವರಕ್ಕ ಹೋಗಿ ಕಾಯಿ ಒಡಿಸಿ ಬಂದೇನಿ. ಎಷ್ಟ ವರ್ಷ ಆತು?” ಎಂದು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಎಪ್ಪತ್ತು ದಾಟಿದ ಕೈ, ಆದರೂ ಜೋರಾಗಿಯೇ ಬಿತ್ತು. ಬೀಳಬೇಕಾದದ್ದೇ. ನಾನು ಸುಮ್ಮನೆ ತಿಂದೆ.

ಆಮೇಲೆ ಕೇಳಿದಳು. “ಅಣ್ಣನ ಮನಿ ಮರಿ ಝಾಡಿಸ್ತಲ್ಲ?”

“ನೀರ ಬಿತ್ತು, ಝಾಡಿಸ್ತು. ರೂಢಿ ಇಲ್ಲದ ಜೀವಕ್ಕ ನೀರ ಬಿದ್ರ ಝಾಡಿಸತಾವ ಆಯಿ.”

“ಹೂಂ ಅಂದಿದ್ದಲ್ಲ ಅದು?”

“ಅಲ್ಲ.”

ಆಯಿ ಗೋಡೆಗೆ ಒರಗಿದಳು. ಅವಳ ತುಟಿ ಅಲುಗುತ್ತಿತ್ತು, ಬೆರಳು ಒಂದೊಂದೇ ಮಡಚಿಕೊಳ್ಳುತ್ತಿತ್ತು. ತಾನು ಹೆಣ್ಣಾಗಿ ಹುಟ್ಟಿ, ಮದುವೆಯಾಗಿ, ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಕಂಡ ಅಷ್ಟೂ ವರ್ಷ ಆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದನ್ನೆಲ್ಲ ಅವಳು ನೆನೆಯುತ್ತಿದ್ದಳು. ಕೈಬೆರಳು ಮುಗಿದು ಮತ್ತೆ ಮೊದಲಿನಿಂದ ಮಡಚತೊಡಗಿದಳು.

“ಒಂದೂ ಹೂಂ ಅಂದಿದ್ದಿಲ್ಲ ಹಂಗಾರ,” ಎಂದಳು.

ಆ ಸಂಜೆ ಅವಳು ಊಟ ಮಾಡಲಿಲ್ಲ. ಕಾಕಾ ಎಷ್ಟು ಕರೆದರೂ ಏಳಲಿಲ್ಲ. ಯಾಕಾದರೂ ಹೇಳಿದೆನೋ, ಸಾಯುವ ವಯಸ್ಸಿನಲ್ಲಿ ಅವಳಿಗೆ ಇದೆಂಥ ಭಾರ ಹೊರಿಸಿದೆನೋ ಎಂದು ರಾತ್ರಿಯೆಲ್ಲ ಹೊರಳಾಡಿದೆ.

ಬೆಳಿಗ್ಗೆ ಹಟ್ಟಿಯಲ್ಲಿ ನೀರು ಚೆಲ್ಲಿದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಆಯಿ ಸೀರೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಬೇವಿನ ತಪ್ಪಲು ಹಿಡಿದು ಅರಿಷಿಣದ ದಾರದ ಹೋತದ ಮುಂದೆ ನಿಂತಿದ್ದಳು. ಅದು ಕೋಡಿನಿಂದ ಬಾಲದವರೆಗೆ ಝಾಡಿಸಿ ಅವಳನ್ನು ಪೂರ್ತಿ ತೊಯಿಸಿಬಿಟ್ಟಿತ್ತು. ಬಿಳಿ ಕೂದಲಿನಿಂದ ನೀರು ಇಳಿಯುತ್ತಿತ್ತು.

“ಆಯಿ, ಏನ ಮಾಡಾಕತ್ತಿ?”

“ದೇವಿಗಿ ಮಾತ ಕೊಟ್ಟೇನಿ. ಕರಕೊಂಡ ಹೋಗಾಕಬೇಕು, ಕೇಳಾಕಬೇಕು,” ಎಂದಳು ನನ್ನ ಕಡೆ ನೋಡದೆ. ಮತ್ತೆ ತಪ್ಪಲನ್ನು ಅದ್ದಿದಳು. “ಆದರ ಒಲ್ಲೆ ಅನ್ನಾಕ ಬರಲಾರದ್ದನ್ನ ಕೇಳಿದ್ರ ಅದ ಕೇಳಿದಂಗ ಹೆಂಗ ಆತು? ಮೊದಲ ಇದಕ್ಕ ಕಲಸೂಣು, ಆಮ್ಯಾಲ ಕೇಳೂಣು.”

ನಾನು ಅವಳನ್ನು ತಬ್ಬಿಕೊಳ್ಳಲು ಹೋದೆ. ಅವಳಿಗೆ ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ. ಸಾಲಾಗಿ ಕಟ್ಟಿದ್ದ ಉಳಿದ ಮರಿಗಳ ಕಡೆ ಚೊಂಬು ತೋರಿಸಿದಳು.

“ಹೋದ ಸಲದಂಗ ಒಂದಕ್ಕ ಕಲಿಸಿದ್ರ ನಡಿಯೂದಿಲ್ಲ. ಎಲ್ಲಾಕ್ಕೂ ಹಾಕು. ಅಣ್ಣನ ಹಟ್ಟಿಗೂ ಹೋಗೂದೈತಿ. ನಿಂತ ನೋಡಾಕತ್ತಿ ಏನ ಬೇ, ರೊಟ್ಟಿ ಎಲ್ಲಿ?”

ನಾನು ರೊಟ್ಟಿ ತರಲು ಒಳಗೆ ಓಡಿದೆ.